ಕೊಲ್ಲುವವನ ಕಣ್ಣು, ಉಳಿದವಳ ಕಣ್ಣು



ಈ ದತ್ತಿ ಉಪನ್ಯಾಸದ ವಿಷಯವೇನೆಂದು ಸಂಘಟಕರು ಕೇಳಿದಾಗ ‘ಸ್ಲ್ಯಾಷರ್ ಚಿತ್ರಗಳ ಕಟ್ಟುಪಾಡುಗಳು’ ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಮುಖವಾಡ ತೊಟ್ಟವನೊಬ್ಬ ಚಾಕು ಹಿಡಿದು ಹರೆಯದವರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತ ಹೋಗುವ ಅಮೆರಿಕದ ಚಿತ್ರಗಳ ಬಗ್ಗೆ, ಹಿರಿಯರೊಬ್ಬರ ಹೆಸರಿನ ದತ್ತಿಯಲ್ಲಿ ಮಾತಾಡಬಹುದೇ ಎಂಬ ಸಂಕೋಚ ಅವರದು. ಮಾತಾಡಬೇಕು ಎಂದೇ ನನ್ನ ನಂಬಿಕೆ.

ಕಳೆದ ವರ್ಷ ವಿದ್ಯಾರ್ಥಿಯೊಬ್ಬ ಕಿರುಚಿತ್ರಕ್ಕೆ ಬರೆದ ಚಿತ್ರಕಥೆ ತಂದಿದ್ದ. ದಸರಾ ರಜೆಗೆ ಊರಿಗೆ ಹೋಗದೆ ಹಾಸ್ಟೆಲಿನಲ್ಲೇ ಉಳಿದ ಐವರು, ಐದು ಕೊಲೆ, ಎಂಟು ನಿಮಿಷ. “ಮೇಡಂ, ಕೊಲೆಗಾರನಿಗೆ ಯಾವ ಮುಖವಾಡ ಹಾಕಿದ್ರೆ ಚೆನ್ನಾಗಿರುತ್ತೆ? ರಕ್ತ ಎಷ್ಟು ಮಾಡಿಟ್ಕೋಬೇಕು?” ಎಂದು ಕೇಳಿದ. “ಮೊದಲನೇ ಶಾಟ್‌ನಲ್ಲಿ ಕ್ಯಾಮೆರಾ ಎಲ್ಲಿಡ್ತೀಯಪ್ಪ? ಅಲ್ಲಿ ನಿಂತು ನೋಡ್ತಾ ಇರೋರು ಯಾರು?” ಎಂದೆ. ಅವನು ಸುಮ್ಮನಾದ. ಅವತ್ತು ನಾನು ವಿವರಿಸಿದ್ದೂ ಅರ್ಧಂಬರ್ಧ, ಗಂಟೆ ಹೊಡೆದು ತರಗತಿಗೆ ಹೋಗಬೇಕಾಯಿತು. ಈ ಉಪನ್ಯಾಸ ಆ ಹುಡುಗನಿಗೆ ನಾನು ಕೊಡಬೇಕಿದ್ದ ಬಾಕಿ.

ಸ್ಲ್ಯಾಷರ್ ಎಂದರೆ ಸೀಳುವವನು. ಹೆಸರಿನಲ್ಲೇ ಆಯುಧವಿರುವುದರಿಂದ ಈ ಬಗೆಯ ಚಿತ್ರದ ಜೀವ ರಕ್ತದಲ್ಲಿದೆ ಎಂದು ಯಾರಾದರೂ ತಿಳಿಯುತ್ತಾರೆ. ಬಹಳ ವರ್ಷ ಇವುಗಳನ್ನು ನೋಡಿ, ಕಲಿಸಿ, ಶಾಟ್ ಶಾಟ್ ಬಿಚ್ಚಿ ಇಟ್ಟ ಮೇಲೆ ನನಗೆ ತೋರಿದ್ದು, ಇದರ ಜೀವ ಕಣ್ಣಿನಲ್ಲಿದೆ ಎಂದು. ಪ್ರೇಕ್ಷಕರನ್ನು ಮೊದಲು ಯಾರ ಕಣ್ಣಿನ ಹಿಂದೆ ಕೂರಿಸಿದಿರಿ, ಯಾವಾಗ ಅಲ್ಲಿಂದ ಎಬ್ಬಿಸಿ ಇನ್ನೊಬ್ಬರ ಕಣ್ಣಿಗೆ ದಾಟಿಸಿದಿರಿ ಎಂಬುದರ ಮೇಲೆ ಇಡೀ ಚಿತ್ರ ನಿಲ್ಲುತ್ತದೆ. ಮುಖವಾಡ, ಚಾಕು, ಒಂಟಿ ಮನೆ, ಕತ್ತಲು ಇವೆಲ್ಲ ಆ ದಾಟಿಗೆ ಹಾಕಿದ ಸಂಕದ ಹಲಗೆಗಳು.

1960: ಎರಡು ಚಿತ್ರಗಳು

ಆ ವರ್ಷದ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಮೈಕೆಲ್ ಪವೆಲ್ ಅವರ ‘ಪೀಪಿಂಗ್ ಟಾಮ್’ ಬಂತು. ಜೂನ್‌ನಲ್ಲಿ ಅಮೆರಿಕದಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ಅವರ ‘ಸೈಕೋ’. ಪವೆಲ್ ಚಿತ್ರದ ಕೊಲೆಗಾರ ಸ್ಟುಡಿಯೋದಲ್ಲಿ ಕ್ಯಾಮೆರಾದ ಫೋಕಸ್ ನೋಡಿಕೊಳ್ಳುವ ಕೆಲಸಗಾರ. ಟ್ರೈಪಾಡಿನ ಒಂದು ಕಾಲಿನಲ್ಲಿ ಮೊನೆ ಅಡಗಿಸಿಟ್ಟಿರುತ್ತಾನೆ. ಕೊಲ್ಲುತ್ತಲೇ ಎದುರಿನವಳ ಭಯವನ್ನು ಚಿತ್ರೀಕರಿಸುತ್ತಾನೆ. ಅವಳ ಭಯ ಅವಳಿಗೇ ಕಾಣಲೆಂದು ಕನ್ನಡಿಯನ್ನೂ ಹಿಡಿಯುತ್ತಾನೆ. ಮೊದಲ ಕೊಲೆಯನ್ನು ನಾವು ನೋಡುವುದು ಅವನ ವ್ಯೂಫೈಂಡರಿನ ಮೂಲಕವೇ. ಆ ಕೊಲೆಗಾರನ ಬಾಲ್ಯವನ್ನು ಕೆಡಿಸಿದ ತಂದೆಯ ಪಾತ್ರದಲ್ಲಿ ಪವೆಲ್ ತಾವೇ ಕಾಣಿಸಿಕೊಂಡರು, ಮಗುವಿನ ಪಾತ್ರಕ್ಕೆ ತಮ್ಮ ಮಗನನ್ನೇ ಹಾಕಿದರು. ಬ್ರಿಟನ್ನಿನ ವಿಮರ್ಶಕರು ಚಿತ್ರವನ್ನು ಎಷ್ಟು ಕಟುವಾಗಿ ಹಳಿದರೆಂದರೆ ಆ ದೊಡ್ಡ ನಿರ್ದೇಶಕರ ವೃತ್ತಿ ಅಲ್ಲಿಂದಾಚೆಗೆ ಹಿಂದಿನಂತೆ ಚೇತರಿಸಿಕೊಳ್ಳಲಿಲ್ಲ. ಅದರಲ್ಲಿ ರಕ್ತ ಹೆಚ್ಚೇನೂ ಇಲ್ಲ. ಕತ್ತಲಲ್ಲಿ ಕೂತು ನೋಡುತ್ತಿರುವ ನಮ್ಮ ಕಣ್ಣನ್ನೂ ಅದು ಕಟಕಟೆಗೆ ಕರೆಯಿತು. ತಡೆದುಕೊಳ್ಳಲಾಗದೆ ಹೋದದ್ದು ಅದು ಎಂದು ನನ್ನ ಭಾವನೆ.

‘ಸೈಕೋ’ದ ಸ್ನಾನದ ಮನೆಯ ದೃಶ್ಯ ನಿಮಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಅದನ್ನು ಸರಿಯಾಗಿ ನೋಡುವುದನ್ನು ಬಿಟ್ಟಿದ್ದೇವೆ. ಮುಕ್ಕಾಲು ನಿಮಿಷದ ಆ ಕೊಲೆಗೆ ಏಳು ದಿನ ಚಿತ್ರೀಕರಣ ನಡೆಯಿತು. 78 ಕಡೆ ಕ್ಯಾಮೆರಾ ಇಟ್ಟರು, 52 ಕಟ್ ಮಾಡಿದರು. ಈ ಎರಡು ಅಂಕೆಗಳನ್ನೇ ಹೆಸರಾಗಿಸಿಕೊಂಡ ಸಾಕ್ಷ್ಯಚಿತ್ರವೊಂದು 2017ರಲ್ಲಿ ಬಂತು. ಮೊಬೈಲ್ ಮುಂದಿಟ್ಟುಕೊಂಡು ಒಂದೊಂದೇ ಫ್ರೇಮ್ ಸರಿಸಿ ನೋಡಿ. ಚಾಕು ಇದೆ, ಬಾಯಿ ಇದೆ, ನೀರು ಇದೆ, ಪರದೆಯ ಕೊಂಡಿ ಕಿತ್ತು ಬರುವುದಿದೆ. ಸೀಳಿದ ಗಾಯ ಎಲ್ಲಿಯೂ ಇಲ್ಲ. ಗಾಯವನ್ನು ಮಾಡಿದವರು ನಾವು, ನಮ್ಮ ತಲೆಯೊಳಗೆ. ಚಾಕು ಇಳಿಯುವ ಸದ್ದಿಗೆ ಕರಬೂಜದಂಥ ಹಣ್ಣನ್ನು ಇರಿದರು. ಚಿತ್ರ ಕಪ್ಪುಬಿಳುಪಾದ್ದರಿಂದ ರಕ್ತಕ್ಕೆ ಚಾಕೊಲೇಟ್ ಪಾಕ ಸಾಕಾಯಿತು. ಖರ್ಚು ಉಳಿಸಲು ಹಿಚ್‌ಕಾಕ್ ತಮ್ಮ ಟೆಲಿವಿಷನ್ ಸರಣಿಯ ತಂಡವನ್ನೇ ಕರೆತಂದಿದ್ದರು. ಇಡೀ ಚಿತ್ರ ಸುಮಾರು 8 ಲಕ್ಷ ಡಾಲರಿನಲ್ಲಿ ಮುಗಿಯಿತು.

ಕಣ್ಣಿನ ಲೆಕ್ಕ ಇಲ್ಲಿಯೂ ಇದೆ. ಚಿತ್ರ ಅರ್ಧ ಮುಗಿಯುವ ಮೊದಲೇ ನಾಯಕಿ ಹೋಗಿಬಿಡುತ್ತಾಳೆ. ಅಲ್ಲಿಯವರೆಗೆ ಅವಳ ಕಾರಿನಲ್ಲಿ, ಅವಳ ಕಳವಿನ ದುಡ್ಡಿನ ಚಿಂತೆಯಲ್ಲಿ ಜೊತೆಗಿದ್ದ ನಮಗೆ ಹಿಡಿದುಕೊಳ್ಳಲು ಯಾರೂ ಉಳಿಯುವುದಿಲ್ಲ. ಆಗ ನೆಲ ಒರೆಸಿ, ಹೆಣವನ್ನು ಕಾರಿನಲ್ಲಿಟ್ಟು ಹೊಂಡಕ್ಕೆ ತಳ್ಳುವವನ ಜೊತೆ ನಿಲ್ಲುತ್ತೇವೆ. ಕಾರು ಮುಳುಗುತ್ತ ಮಧ್ಯದಲ್ಲಿ ಒಂದು ಕ್ಷಣ ತಡೆಯುತ್ತದೆ. ಮುಳುಗಿಬಿಡಲಿ ಎಂದು ನಮಗೂ ಅನ್ನಿಸುತ್ತದೆ! ಎಷ್ಟು ಸಲ ನೋಡಿದರೂ ಆ ಜಾಗದಲ್ಲಿ ನನಗೆ ನನ್ನ ಬಗ್ಗೆಯೇ ಭಯವಾಗುತ್ತದೆ.

ಬಡತನ ಕಲಿಸಿದ ಕಟ್ಟುಪಾಡು

ಇಟಲಿಯಲ್ಲಿ ಮಾರಿಯೋ ಬಾವಾ, ದಾರಿಯೋ ಅರ್ಜೆಂಟೊ ಮೊದಲಾದವರು ಕಪ್ಪು ಕೈಗವಸಿನ ಕೊಲೆಗಾರನನ್ನು ಕಟ್ಟಿ ಬೆಳೆಸಿದ್ದನ್ನು ಸಮಯ ಸಾಲದೆ ಇಲ್ಲಿ ಹೆಸರಿಸಿ ಮುಂದೆ ಹೋಗುತ್ತೇನೆ. 1974ಕ್ಕೆ ಬರೋಣ. ಆ ವರ್ಷ ಕೆನಡಾದಲ್ಲಿ ಬಾಬ್ ಕ್ಲಾರ್ಕ್ ಅವರ ‘ಬ್ಲ್ಯಾಕ್ ಕ್ರಿಸ್‌ಮಸ್’, ಅಮೆರಿಕದಲ್ಲಿ ಟೋಬ್ ಹೂಪರ್ ಅವರ ‘ದ ಟೆಕ್ಸಸ್ ಚೈನ್ ಸಾ ಮ್ಯಾಸಕರ್’.

‘ಬ್ಲ್ಯಾಕ್ ಕ್ರಿಸ್‌ಮಸ್’ ನಡೆಯುವುದು ಕಾಲೇಜು ಹುಡುಗಿಯರು ಒಟ್ಟಿಗೆ ವಾಸಿಸುವ ಮನೆಯಲ್ಲಿ, ರಜೆಗೆ ಊರಿಗೆ ಹೊರಡುವ ಹೊತ್ತಿನಲ್ಲಿ. ಕ್ಯಾಮೆರಾವನ್ನು ಮೈಗೆ ಕಟ್ಟಿಕೊಂಡು ಆಪರೇಟರ್ ಗೋಡೆ ಹತ್ತಿದ. ಉಸಿರಾಡುತ್ತ ಅಟ್ಟಕ್ಕೆ ನುಗ್ಗುವವನ ಕಣ್ಣು ನಮ್ಮ ಕಣ್ಣಾಯಿತು. ಪದೇ ಪದೇ ಬರುವ ಕೊಳಕು ಫೋನ್ ಕರೆಗಳು ಅದೇ ಮನೆಯೊಳಗಿನಿಂದ ಬರುತ್ತಿವೆ ಎಂದು ಕೊನೆಗೆ ತಿಳಿಯುತ್ತದೆ. ಕೊಲೆಗಾರನ ಮುಖ ಸರಿಯಾಗಿ ಕಾಣುವುದೇ ಇಲ್ಲ. ಅವನು ಯಾರೆಂದು ಚಿತ್ರ ಹೇಳುವುದೂ ಇಲ್ಲ. ಹೂಪರ್ ಚಿತ್ರ 16 ಎಂ.ಎಂ. ಫಿಲ್ಮಿನಲ್ಲಿ, ಟೆಕ್ಸಸ್‌ನ ಸುಡುಬೇಸಿಗೆಯಲ್ಲಿ ತೆಗೆದದ್ದು. ಹೆಸರು ಕೇಳಿದರೇ ಎದೆ ಝಲ್ಲೆನ್ನುವ ಈ ಚಿತ್ರದಲ್ಲಿ ರಕ್ತ ಕಾಣುವುದು ಬಹಳ ಕಡಿಮೆ. ಹಾಡಹಗಲಿನಲ್ಲಿ, ತೆರೆದ ಬಾಗಿಲಿನ ಮನೆಯಲ್ಲಿ ಭಯ ಹುಟ್ಟಿಸಬಹುದು ಎಂದು ಅದು ತೋರಿಸಿತು. ಕತ್ತಲಿಲ್ಲದೆ ಭಯವಿಲ್ಲ ಎನ್ನುವವರು ಅದನ್ನೊಮ್ಮೆ ನೋಡಬೇಕು.

1978ರ ಅಕ್ಟೋಬರ್‌ನಲ್ಲಿ ಬಂದ ಜಾನ್ ಕಾರ್ಪೆಂಟರ್ ಅವರ ‘ಹ್ಯಾಲೊವೀನ್’ ಹತ್ತಿರ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಠ್ಯ ನನಗೆ ಸಿಕ್ಕಿಲ್ಲ. ಬಜೆಟ್ ಸುಮಾರು 3,25,000 ಡಾಲರ್, ಚಿತ್ರೀಕರಣ ಸುಮಾರು 20 ದಿನ. ಕಥೆ ನಡೆಯುವುದು ಇಲಿನಾಯ್ ರಾಜ್ಯದ ಕಲ್ಪಿತ ಊರಿನಲ್ಲಿ, ಎಲೆ ಉದುರುವ ಅಕ್ಟೋಬರ್ ಕೊನೆಯಲ್ಲಿ. ತೆಗೆದದ್ದು ಕ್ಯಾಲಿಫೋರ್ನಿಯಾದಲ್ಲಿ, ವಸಂತದಲ್ಲಿ. ಎಲೆಗಳಿಗೆ ಬಣ್ಣ ಬಳಿದು ಬೀದಿಗೆ ಹರಡುವುದು, ಶಾಟ್ ಮುಗಿದ ಮೇಲೆ ಗೋಣಿಗೆ ತುಂಬಿಸಿಕೊಂಡು ಮುಂದಿನ ಬೀದಿಗೆ ಒಯ್ಯುವುದು. ಮುಖವಾಡಕ್ಕೆ ದುಡ್ಡಿರಲಿಲ್ಲ. ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್ ಪಾತ್ರದ ರಬ್ಬರ್ ಮುಖವಾಡವೊಂದನ್ನು ಎರಡು ಡಾಲರಿಗೂ ಕಡಿಮೆಗೆ ಕೊಂಡು, ಕಣ್ಣಿನ ತೂತು ದೊಡ್ಡದು ಮಾಡಿ, ಬಿಳಿ ಬಣ್ಣ ಸಿಂಪಡಿಸಿದರು. ಮನುಷ್ಯನ ಮುಖವೇ, ಆದರೆ ಒಳಗೆ ಯಾರೂ ಇಲ್ಲದ ಮುಖ. ಆ ಹುಡುಗ ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ: ವಿಕಾರ ಮುಖವಾಡಕ್ಕಿಂತ ಖಾಲಿ ಮುಖವಾಡ ಕೆಲಸ ಮಾಡುತ್ತದೆ. ಅದರ ಮೇಲೆ ನಮ್ಮ ಭಯವನ್ನು ನಾವೇ ಬರೆದುಕೊಳ್ಳುತ್ತೇವೆ.

ಚಿತ್ರದ ಮೊದಲ ದೃಶ್ಯ ಸುಮಾರು ನಾಲ್ಕು ನಿಮಿಷದ್ದು, ಒಂದೇ ಶಾಟ್‌ನಂತೆ ಕಾಣುತ್ತದೆ. ಪಾನಾಗ್ಲೈಡ್ ಎಂಬ, ನಡೆಯುವವನ ಮೈಗೆ ಕಟ್ಟಿಕೊಂಡರೂ ಕುಲುಕದ ಕ್ಯಾಮೆರಾ ವ್ಯವಸ್ಥೆಯಿಂದ ತೆಗೆದದ್ದು. ಯಾರೋ ಮನೆಯನ್ನು ಹೊರಗಿನಿಂದ ನೋಡುತ್ತಾರೆ, ಹಿಂಬಾಗಿಲಿನಿಂದ ಒಳಗೆ ಬರುತ್ತಾರೆ, ಅಡುಗೆಮನೆಯ ಡ್ರಾಯರ್ ಎಳೆದು ಚಾಕು ತೆಗೆಯುತ್ತಾರೆ. ಅಲ್ಲಿ ಕಾಣುವ ಪುಟ್ಟ ಕೈ ನಿರ್ಮಾಪಕಿ ಡೆಬ್ರಾ ಹಿಲ್ ಅವರದು. ಮೆಟ್ಟಿಲು ಹತ್ತಿದ ಮೇಲೆ ಮುಖವಾಡ ತೊಡುತ್ತಾರೆ. ಆಮೇಲೆ ಎರಡು ತೂತಿನ ಮೂಲಕವಷ್ಟೇ ನಮಗೆ ಜಗತ್ತು ಕಾಣುತ್ತದೆ. ಕೊಲೆ ನಡೆಯುತ್ತದೆ. ಹೊರಗೆ ಬಂದಾಗ ಯಾರೋ ಮುಖವಾಡ ಕಳಚುತ್ತಾರೆ. ಆಗ ಮೊದಲ ಬಾರಿ ಕ್ಯಾಮೆರಾ ಆ ಕಣ್ಣು ಬಿಟ್ಟು ಎದುರು ಬಂದು ನಿಲ್ಲುತ್ತದೆ: ಆರು ವರ್ಷದ ಹುಡುಗ, ಕೈಯಲ್ಲಿ ಚಾಕು. ನಾಲ್ಕು ನಿಮಿಷ ನಾವು ಯಾರಾಗಿದ್ದೆವು ಎಂದು ತಿಳಿದ ಮೇಲೆ ಇಡೀ ಚಿತ್ರದುದ್ದಕ್ಕೂ ಒಂದು ಭಯ ಹಿಂಬಾಲಿಸುತ್ತದೆ, ಈಗ ನೋಡುತ್ತಿರುವುದು ಯಾರ ಕಣ್ಣು ಎಂದು.

ಆನಂತರ ಕಾರ್ಪೆಂಟರ್ ನಿಧಾನವಾಗಿ ಲಾರಿ ಎಂಬ ಹುಡುಗಿಯ ಕಣ್ಣಿಗೆ ನಮ್ಮನ್ನು ದಾಟಿಸುತ್ತಾರೆ. ಆ ಪಾತ್ರ ಮಾಡಿದ ಜೇಮಿ ಲೀ ಕರ್ಟಿಸ್, ‘ಸೈಕೋ’ದ ಸ್ನಾನದ ಮನೆಯಲ್ಲಿ ಸತ್ತ ಜಾನೆಟ್ ಲೀ ಅವರ ಮಗಳು. ತರಗತಿಯ ಕಿಟಕಿಯಾಚೆ ನಿಂತ ಕಾರು ಕಾಣುವುದು ಲಾರಿಗೆ. ಬೇಲಿಯ ಪಕ್ಕದ ಆಕೃತಿ ಕಾಣುವುದು ಲಾರಿಗೆ. ಗೆಳತಿಯರು ನೋಡುವ ಹೊತ್ತಿಗೆ ಅಲ್ಲಿ ಏನೂ ಇರುವುದಿಲ್ಲ. ಕೊನೆಗೆ ಅವಳು ಬಟ್ಟೆಯ ಬೀರುವಿನೊಳಗೆ ಮುದುಡಿ ಕೂತಾಗ, ಬಾಗಿಲ ಪಟ್ಟಿಗಳ ಸಂದಿಯಿಂದ ಬೆಳಕು ಗೆರೆಗೆರೆಯಾಗಿ ಬಿದ್ದಾಗ, ನಾವು ಒಳಗೆ ಅವಳ ಜೊತೆ ಇದ್ದೇವೆ. ಚಾಕು ಹಿಡಿದವನು ಹೊರಗೆ. ಮೊದಲ ದೃಶ್ಯದಲ್ಲಿ ನಾವು ಹೊರಗಿನಿಂದ ಮನೆಯೊಳಗೆ ನುಗ್ಗಿದ್ದೆವು. ತೊಂಬತ್ತು ನಿಮಿಷದಲ್ಲಿ ನಮ್ಮನ್ನು ಬಾಗಿಲಿನ ಈಚೆಗೆ ತಂದು ಕೂರಿಸಿದ್ದಾರೆ. ಅವಳ ಆಯುಧಗಳನ್ನೂ ನೋಡಿ: ಹೆಣಿಗೆಯ ಸೂಜಿ, ಬಟ್ಟೆ ತೂಗುಹಾಕುವ ತಂತಿಯ ಹ್ಯಾಂಗರ್. ಮನೆಯ ವಸ್ತುಗಳು.

ಈ ಚಿತ್ರ ಅಮೆರಿಕ ಒಂದರಲ್ಲೇ ಸುಮಾರು 4.7 ಕೋಟಿ ಡಾಲರ್ ಗಳಿಸಿತು. ಆಮೇಲೆ ಹೊಳೆ ಹರಿದಂತೆ ಅನುಕರಣೆಗಳು ಬಂದವು. 1980ರ ‘ಫ್ರೈಡೇ ದ ಥರ್ಟೀನ್ತ್’ ಬೇಸಿಗೆ ಶಿಬಿರಕ್ಕೆ ಹೋಯಿತು. ಅದರ ಗಾಯಗಳನ್ನು ಮಾಡಿದ ಟಾಮ್ ಸವೀನಿ ವಿಯೆಟ್ನಾಂ ಯುದ್ಧದಲ್ಲಿ ಛಾಯಾಗ್ರಾಹಕರಾಗಿದ್ದವರು. ಅವರು ತೆರೆಗೆ ತಂದ ಹೆಣಗಳ ಹಿಂದೆ ನಿಜವಾದ ಹೆಣಗಳ ನೆನಪಿತ್ತು. ಆ ಚಿತ್ರದ ಉತ್ತರಭಾಗಗಳನ್ನು ನೋಡಲು ನಾನು ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ. ಅಲ್ಲಿ ಕೊಲೆಯ ಬಗೆಬಗೆಯೇ ಪ್ರದರ್ಶನವಾಯಿತು, ಸಾಯುವವರು ಬರೀ ಸಂಖ್ಯೆಯಾದರು. ಚಲನಚಿತ್ರ ವಿಮರ್ಶಕರಾದ ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ 1980ರಲ್ಲಿ ತಮ್ಮ ಟಿ.ವಿ. ಕಾರ್ಯಕ್ರಮದ ಒಂದು ಕಂತನ್ನೇ ಹೆಣ್ಣನ್ನು ಬೇಟೆಯಾಡುವ ಈ ಚಿತ್ರಗಳನ್ನು ಖಂಡಿಸಲು ಮೀಸಲಿಟ್ಟರು. ‘ಹ್ಯಾಲೊವೀನ್’ ಅನ್ನು ಮಾತ್ರ ಅವರು ಮೆಚ್ಚಿದ್ದರು. ಎರಡಕ್ಕೂ ವ್ಯತ್ಯಾಸ ಕಂಡಿದ್ದು ಕ್ಯಾಮೆರಾ ಯಾರ ಪಕ್ಷ ನಿಂತಿದೆ ಎಂಬುದರಲ್ಲಿ. ಅವರ ಆ ತೀರ್ಪು ಇಂದಿಗೂ ಸರಿ.

ಉಳಿದವಳು

ಕೊಲ್ಲುವವನ ಕಣ್ಣಿನಿಂದ ಉಳಿಯುವವಳ ಕಣ್ಣಿಗೆ ಆಗುವ ಈ ದಾಟನ್ನು ಮೊದಲು ಸ್ಪಷ್ಟವಾಗಿ ಕಂಡು ಬರೆದವರು ಕ್ಯಾರಲ್ ಕ್ಲೋವರ್. ಬರ್ಕ್‌ಲಿಯ ವಿಶ್ವವಿದ್ಯಾಲಯದಲ್ಲಿ ಅವರು ಓದಿ ಕಲಿಸುತ್ತಿದ್ದದ್ದು ಉತ್ತರ ಯೂರೋಪಿನ ಮಧ್ಯಯುಗದ ಸಾಹಿತ್ಯ. ಹಳೆಯ ಕಥನಗಳ ಕಟ್ಟನ್ನು ಓದಿ ಪಳಗಿದ ಕಣ್ಣು ಅವರದು. ಹಾಗಾಗಿಯೇ ಎಲ್ಲರೂ ಕಸವೆಂದು ಬಿಟ್ಟ ಚಿತ್ರಗಳಲ್ಲಿ ಒಂದು ಜಾನಪದ ಕಥೆಯ ಹೆಣಿಗೆ ಅವರಿಗೆ ಕಂಡಿತು. 1987ರ ಪ್ರಬಂಧದಲ್ಲಿ, 1992ರ ಪುಸ್ತಕದಲ್ಲಿ ಅವರು ‘ಫೈನಲ್ ಗರ್ಲ್’ ಎಂಬ ಹೆಸರು ಕೊಟ್ಟರು. ನಾನು ‘ಉಳಿದವಳು’ ಎನ್ನುತ್ತೇನೆ. ಹೆಣಗಳನ್ನು ಕಾಣುವವಳು, ತನ್ನ ಮೇಲೆ ಬರುತ್ತಿರುವುದೇನೆಂದು ಪೂರ್ತಿ ತಿಳಿದವಳು, ಓಡಿ, ಬಿದ್ದು, ಅಡಗಿ, ತಿರುಗಿ ನಿಲ್ಲುವವಳು. ಚಿತ್ರಮಂದಿರ ತುಂಬುತ್ತಿದ್ದದ್ದು ಹರೆಯದ ಗಂಡುಹುಡುಗರು. ಅವರು ಕೊಲ್ಲುವವನ ಜೊತೆ ಒಳಗೆ ಬಂದು ಒಬ್ಬ ಹುಡುಗಿಯ ಜೊತೆ ಹೊರಗೆ ಹೋಗುತ್ತಾರೆ, ಅವಳ ಭಯವನ್ನು ತಮ್ಮ ಮೈಯಲ್ಲಿ ಹೊತ್ತು. ಕ್ಲೋವರ್ ಅವರ ಈ ಮಾತು ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತಿದ್ದೆ.

ಒಂದು ಕಟ್ಟುಪಾಡಿನ ಬಗ್ಗೆ ನನಗೆ ತಕರಾರಿದೆ. ಕೂಡಿದವರು ಸಾಯುತ್ತಾರೆ, ಕುಡಿದವರು ಸಾಯುತ್ತಾರೆ, ‘ಒಳ್ಳೆಯ ಹುಡುಗಿ’ ಉಳಿಯುತ್ತಾಳೆ ಎಂಬ ಕಟ್ಟುಪಾಡು. ಕಾರ್ಪೆಂಟರ್ ತಾವು ಹಾಗೆ ಯೋಚಿಸಿರಲಿಲ್ಲ, ಉಳಿದವರ ಗಮನ ಬೇರೆಡೆ ಇತ್ತು, ಲಾರಿ ಮಾತ್ರ ಸುತ್ತ ಏನಾಗುತ್ತಿದೆ ಎಂದು ನೋಡುತ್ತಿದ್ದಳು ಎಂದಿದ್ದಾರೆ. ನಾನು ಅವರ ಮಾತನ್ನು ನಂಬುತ್ತೇನೆ. ಆದರೆ ಅನುಕರಿಸಿದವರು ಅದನ್ನು ಶಿಕ್ಷೆಯ ಕಾನೂನು ಮಾಡಿಬಿಟ್ಟರು. ನಮ್ಮ ಹುಡುಗರು ಬರೆಯುವ ಚಿತ್ರಕಥೆಗಳಲ್ಲಿ ಜೀನ್ಸ್ ತೊಟ್ಟವಳು ಮೊದಲು ಸತ್ತು, ದೇವರಿಗೆ ದೀಪ ಹಚ್ಚಿದವಳು ಉಳಿಯುವುದನ್ನು ಓದಿದಾಗಲೆಲ್ಲ ಆ ಹಾಳೆಯನ್ನು ಹಿಂದಕ್ಕೆ ಕೊಟ್ಟಿದ್ದೇನೆ. ಕಣ್ಣು ತೆರೆದಿಟ್ಟವಳು ಉಳಿಯಲಿ. ಅವಳ ಬಟ್ಟೆಗೂ ಅವಳ ಉಸಿರಿಗೂ ಸಂಬಂಧ ಕಲ್ಪಿಸಬೇಡಿ. ಇಂಥ ಸಂಬಂಧವನ್ನು ನಮ್ಮ ಬೀದಿಗಳು ಈಗಾಗಲೇ ಸಾಕಷ್ಟು ಕಲ್ಪಿಸುತ್ತಿವೆ.

ಸದ್ದು

ಸಂಗೀತ ಸೇರಿಸದ ‘ಹ್ಯಾಲೊವೀನ್’ ಪ್ರತಿ ನೋಡಿದ ಸ್ಟುಡಿಯೋದವರೊಬ್ಬರಿಗೆ ಒಂಚೂರೂ ಹೆದರಿಕೆಯಾಗಲಿಲ್ಲವಂತೆ. ಕಾರ್ಪೆಂಟರ್ ತಾವೇ ಕೂತು ಸಂಗೀತ ಮಾಡಿದರು. ಐದು ಎಣಿಕೆಯ ತಾಳ, ಅವರ ತಂದೆ ಚಿಕ್ಕಂದಿನಲ್ಲಿ ಬಾಂಗೋ ಬಾರಿಸಿ ಹೇಳಿಕೊಟ್ಟದ್ದು. ನಾಲ್ಕಕ್ಕೆ ಮುಗಿಯುತ್ತದೆ ಎಂದು ಪಾಶ್ಚಾತ್ಯ ಕಿವಿ ಕಾಯುವಲ್ಲಿ ಇನ್ನೊಂದು ಪೆಟ್ಟು ಬೀಳುತ್ತದೆ, ಮತ್ತೆ ಮೊದಲಿಗೆ ಬರುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಖಂಡ ನಡೆ ಕೇಳಿ ಬೆಳೆದ ನಮ್ಮ ಕಿವಿಗೆ ಐದು ಹೊಸದಲ್ಲ. ಆದರೂ ಆ ಪಿಯಾನೋ ನಮ್ಮನ್ನೂ ಕೂರಗೊಡುವುದಿಲ್ಲ. ‘ಸೈಕೋ’ದಲ್ಲಿ ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳನ್ನಷ್ಟೇ ಬಳಸಿದರು. ಸ್ನಾನದ ದೃಶ್ಯಕ್ಕೆ ಸಂಗೀತವೇ ಬೇಡ ಎಂದಿದ್ದ ಹಿಚ್‌ಕಾಕ್, ಹರ್ಮನ್ ಮಾಡಿದ್ದನ್ನು ಕೇಳಿ ಒಪ್ಪಿಕೊಂಡರು.

ನನಗೆ ಇವೆರಡಕ್ಕಿಂತ ಹೆಚ್ಚು ಕಲಿಸಿದ್ದು ‘ಫ್ರೈಡೇ ದ ಥರ್ಟೀನ್ತ್’ನ ಸಂಗೀತಗಾರ ಹ್ಯಾರಿ ಮ್ಯಾನ್‌ಫ್ರೆಡಿನಿ ಹಾಕಿಕೊಂಡ ನಿಯಮ. ಕೊಲೆಗಾರ ನಿಜವಾಗಿ ಅಲ್ಲಿ ಇದ್ದಾಗ ಮಾತ್ರ ಸಂಗೀತ. ಗೆಳೆಯನೊಬ್ಬ ಹಿಂದಿನಿಂದ ಬಂದು ಹೆದರಿಸುವಂಥ ಸುಳ್ಳು ಬೆದರಿಕೆಗೆ ಸಂಗೀತವಿಲ್ಲ. ಪ್ರೇಕ್ಷಕರ ಕಿವಿಗೆ ಇದು ತಿಳಿಯದೆಯೇ ತಿಳಿಯುತ್ತದೆ, ಅವರು ಸದ್ದನ್ನು ನಂಬುತ್ತಾರೆ. ಕ್ಷಣಕ್ಕೊಮ್ಮೆ ‘ಧಡಾರ್’ ಎನ್ನಿಸುವ ಇಂದಿನ ಚಿತ್ರಗಳು ಕಳೆದುಕೊಂಡಿರುವುದು ಈ ನಂಬಿಕೆಯನ್ನು.

ಹೆದರಿಸುವುದಕ್ಕೂ ಕಾಯಿಸುವುದಕ್ಕೂ ಇರುವ ಅಂತರವನ್ನು ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ತ್ರೂಫೋ ಅವರಿಗೆ ಮೇಜಿನ ಕೆಳಗಿನ ಬಾಂಬಿನ ಉದಾಹರಣೆಯಿಂದ ವಿವರಿಸಿದ್ದರು. ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ಕೆಲವು ಸೆಕೆಂಡು ಬೆಚ್ಚುತ್ತೇವೆ. ಇದೆ ಎಂದು ನಮಗೆ ಮೊದಲೇ ಗೊತ್ತಿದ್ದು, ಮೇಜಿನ ಸುತ್ತ ಕೂತವರಿಗೆ ಗೊತ್ತಿಲ್ಲದಿದ್ದರೆ ಅಷ್ಟೂ ನಿಮಿಷ ಒದ್ದಾಡುತ್ತೇವೆ. ಕರಾವಳಿಯವರಿಗೆ ಇದನ್ನು ನಾನು ಬೇರೆ ರೀತಿಯಲ್ಲಿ ಹೇಳುತ್ತೇನೆ. ಯಕ್ಷಗಾನದಲ್ಲಿ ಬಣ್ಣದ ವೇಷ ಒಮ್ಮೆಲೇ ಎದುರು ಬರುವುದಿಲ್ಲ. ಮೊದಲು ಅಬ್ಬರ ಕೇಳುತ್ತದೆ, ತೆರೆ ಹಿಡಿಯುತ್ತಾರೆ, ತೆರೆಯ ಮೇಲಿನಿಂದ ಕಿರೀಟ ಕಾಣುತ್ತದೆ, ದೊಂದಿಗೆ ಎಸೆದ ರಾಳ ಭಗ್ಗೆನ್ನುತ್ತದೆ, ಅರ್ಧ ಮುಖ ಕಂಡು ಮರೆಯಾಗುತ್ತದೆ. ಅಮ್ಮನ ಮಡಿಲಲ್ಲಿ ನಿದ್ದೆಗಣ್ಣಲ್ಲಿ ಅದನ್ನು ಕಂಡು ನಡುಗಿದವರಿಗೆ ತೋರಿಸದೆ ಇಡುವುದರ ಬಲವನ್ನು ಯಾವ ಹಾಲಿವುಡ್ ಗುರುವೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ನಿಮ್ಮ ಎಂಟು ನಿಮಿಷ

1996ರಲ್ಲಿ ವೆಸ್ ಕ್ರೇವನ್ ನಿರ್ದೇಶಿಸಿ ಕೆವಿನ್ ವಿಲಿಯಮ್‌ಸನ್ ಬರೆದ ‘ಸ್ಕ್ರೀಮ್’ನಲ್ಲಿ ಪಾತ್ರಗಳೇ ಈ ಎಲ್ಲ ಕಟ್ಟುಪಾಡುಗಳನ್ನು ಬಾಯಿಪಾಠ ಹೇಳುತ್ತವೆ, ಆದರೂ ಸಾಯುತ್ತವೆ. ಪೋಸ್ಟರಿನ ತುಂಬ ಇದ್ದ ಡ್ರೂ ಬ್ಯಾರಿಮೋರ್ ಮೊದಲ ದೃಶ್ಯದಲ್ಲೇ ಕೊಲೆಯಾದರು. 1960ರಲ್ಲಿ ‘ಸೈಕೋ’ ಆಡಿದ ಆಟವನ್ನು ಮೂವತ್ತಾರು ವರ್ಷದ ನಂತರ ಮತ್ತೆ ಆಡಿ ಗೆದ್ದರು. ಅಂದ ಮೇಲೆ ಇವತ್ತಿನ ನಿಮ್ಮ ಪ್ರೇಕ್ಷಕರಿಗೆ ಎಲ್ಲ ಗೊತ್ತಿದೆ ಎಂದೇ ಹೊರಡಬೇಕು.

ಕ್ಯಾಮೆರಾ ಎರಡು ದಿನಕ್ಕೆ ಬಾಡಿಗೆ, ನಟರು ಸಹಪಾಠಿಗಳು, ಇರುವುದು ಎಂಟು ನಿಮಿಷ. ಐದು ಕೊಲೆ ಬೇಡ. ಒಂದೂ ಬೇಡ ಎನ್ನಲೂ ನಾನು ಸಿದ್ಧ. ಸ್ವೀಡನ್ನಿನ ಡೇವಿಡ್ ಸ್ಯಾಂಡ್‌ಬರ್ಗ್ 2013ರಲ್ಲಿ ತಮ್ಮ ಫ್ಲ್ಯಾಟಿನಲ್ಲೇ, ಪತ್ನಿ ಲೊಟ್ಟಾ ಲೊಸ್ಟೆನ್ ಅವರನ್ನೇ ನಟಿಯಾಗಿಸಿ, ಮೂರು ನಿಮಿಷವೂ ಇಲ್ಲದ ‘ಲೈಟ್ಸ್ ಔಟ್’ ತೆಗೆದರು. ಒಂದು ಕಾರಿಡಾರು, ಒಂದು ಸ್ವಿಚ್ಚು. ದೀಪ ಆರಿಸಿದರೆ ಆಕೃತಿ ಇದೆ, ಹಚ್ಚಿದರೆ ಇಲ್ಲ. 2016ಕ್ಕೆ ಅದು ಪೂರ್ಣ ಚಿತ್ರವಾಯಿತು. ರಾಮ್ ಗೋಪಾಲ್ ವರ್ಮಾ ಅವರ ಹಿಂದಿ ಚಿತ್ರ ‘ಕೌನ್’ (1999) ಒಂದೇ ಮನೆ, ಮುಖ್ಯವಾಗಿ ಮೂರೇ ಪಾತ್ರಗಳಲ್ಲಿ ನಿಂತಿತು. ಕನ್ನಡದಲ್ಲಿ ಉಪೇಂದ್ರ 1993ರಲ್ಲೇ ‘ಶ್!’ ಚಿತ್ರದಲ್ಲಿ ಸಿನಿಮಾ ತೆಗೆಯಲು ಹೋದ ತಂಡವನ್ನೇ ಭಯದ ಬಲೆಗೆ ಬೀಳಿಸಿದ್ದರು. ಕ್ಯಾಮೆರಾ ಹಿಡಿದವರನ್ನೇ ಬೇಟೆಯಾಗಿಸುವ ಆ ಯೋಚನೆ ವಿದ್ಯಾರ್ಥಿಗಳಿಗೆ ಇಂದೂ ಹತ್ತಿರದ್ದು.

ಬೇಸಿಗೆ ಶಿಬಿರ, ಹ್ಯಾಲೊವೀನ್ ರಾತ್ರಿ, ಮಕ್ಕಳನ್ನು ನೋಡಿಕೊಳ್ಳ ಬಂದ ಹೈಸ್ಕೂಲು ಹುಡುಗಿ ಇವು ಅಮೆರಿಕದ ಬದುಕಿನಿಂದ ಎದ್ದು ಬಂದವು. ನಮ್ಮ ಊರಿಗೆ ತಂದು ನೆಟ್ಟರೆ ಬೇರು ಬಿಡುವುದಿಲ್ಲ. ಬೇರು ಬಿಡುವಂಥದ್ದು ನಮ್ಮಲ್ಲಿ ಬೇಕಾದಷ್ಟಿದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದನ್ನು ಕಂಡವರು ಈ ಸಭೆಯಲ್ಲಿ ಇದ್ದೀರಿ. ರಾತ್ರಿ ಬಾಗಿಲು ಬಡಿಯುವ ದೆವ್ವ ಮನೆಯವರದೇ ದನಿಯಲ್ಲಿ ಕರೆಯುತ್ತದೆ ಎನ್ನುತ್ತಿದ್ದರು. ‘ಬ್ಲ್ಯಾಕ್ ಕ್ರಿಸ್‌ಮಸ್’ನಲ್ಲಿ ಫೋನು ಮಾಡಿದ ಕೆಲಸವನ್ನು ನಮ್ಮ ಓಣಿಗಳು ಒಂದು ಸೀಮೆಸುಣ್ಣದಲ್ಲಿ ಮಾಡಿದ್ದವು: ಅಪಾಯ ಮನೆಯದೇ ಅನ್ನಿಸುವಂತೆ ಬರುತ್ತದೆ. ಇನ್ನು ಸದ್ದಿಗೆ ಕುಕ್ಕರ್ ಇದೆ. ಎರಡು ವಿಷಲ್ ಆಗಿ ಮೂರನೆಯದು ಬರದಿದ್ದರೆ ಅಡುಗೆಮನೆಯಲ್ಲಿ ಯಾರೋ ಒಲೆ ಆರಿಸಿದ್ದಾರೆ. ಒಬ್ಬಳೇ ಇರುವ ಮನೆಯಲ್ಲಿ ಇದಕ್ಕಿಂತ ಬೇರೆ ಪಿಟೀಲು ಬೇಕೇ?

ರಕ್ತದ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಸಕ್ಕರೆ ಪಾಕಕ್ಕೆ ಅಡುಗೆಯ ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ ಬೆರೆಸಿದರೆ ರಕ್ತವಾಗುತ್ತದೆ. ಆದರೆ ಅದಕ್ಕೂ ಮೊದಲು ಅರಿಸಿನ ಸುಣ್ಣ ಕಲಸಿದ ಆರತಿಯ ಕೆಂಪು ನೀರನ್ನು ನೆನಪಿಸಿಕೊಳ್ಳಿ. ಹೊಸ್ತಿಲಲ್ಲಿ ಯಾರನ್ನೋ ಬರಮಾಡಿಕೊಳ್ಳಲು ಇಟ್ಟ ಆರತಿ ತಟ್ಟೆ ಮಗುಚಿ, ಕೆಂಪು ನೀರು ಕಲ್ಲಿನ ಮೇಲೆ ಹರಿಯುತ್ತಿದೆ, ಬಾಗಿಲು ತೆರೆದಿದೆ, ಯಾರೂ ಇಲ್ಲ. ಚಾಕು ಬೇಡ, ಹೆಣ ಬೇಡ. ‘ಹ್ಯಾಲೊವೀನ್’ ಮುಗಿಯುವುದೂ ಹಾಗೆಯೇ: ಗುಂಡು ತಿಂದು ಬಿದ್ದವನು ಹುಲ್ಲಿನ ಮೇಲೆ ಇಲ್ಲ, ಆಮೇಲೆ ಒಂದೊಂದಾಗಿ ಖಾಲಿ ಕೋಣೆಗಳು, ಅವುಗಳ ಮೇಲೆ ಉಸಿರಿನ ಸದ್ದು.

ಎಂಟು ನಿಮಿಷದಲ್ಲಿ ಮೊದಲ ಎರಡು ನಿಮಿಷ ಬೇಕಾದರೆ ನೋಡುವವನ ಕಣ್ಣಾಗಿರಿ. ಮೂರನೆಯ ನಿಮಿಷಕ್ಕೆ ಅವಳಿಗೆ ಏನೋ ಕಾಣಲಿ. ಅಲ್ಲಿಂದ ಕೊನೆಯವರೆಗೆ ಅವಳನ್ನು ಬಿಡಬೇಡಿ. ಅವಳಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿರಲಿ, ಆದರೆ ಅವಳ ಪಕ್ಕದಿಂದ.

ಸೆಟ್ಟಿನಲ್ಲಿ

ಇನ್ನೊಂದು ಮಾತು ಉಳಿದಿದೆ, ಇದನ್ನು ನಾನು ಬೇಡಿಕೆಯಾಗಿಯೇ ಹೇಳುತ್ತೇನೆ. ಟೆಕ್ಸಸ್ ಚಿತ್ರದಲ್ಲಿ ಕೃತಕ ರಕ್ತದ ನಳಿಕೆ ಕಟ್ಟಿಕೊಂಡು ರಕ್ತ ಬಾರದಿದ್ದಾಗ ನಾಯಕಿ ಮೆರಿಲಿನ್ ಬರ್ನ್ಸ್ ಅವರ ಬೆರಳನ್ನು ತಾವು ನಿಜವಾಗಿಯೇ ಕೊಯ್ದದ್ದನ್ನು ಕೊಲೆಗಾರನ ಪಾತ್ರ ಮಾಡಿದ ಗನ್ನರ್ ಹ್ಯಾನ್ಸೆನ್ ನಂತರ ಹೇಳಿಕೊಂಡರು. ಇದನ್ನು ಸಾಹಸದ ಕಥೆಯಂತೆ ಹೇಳಿಕೊಂಡು ತಿರುಗುವವರಿದ್ದಾರೆ. ಸಾಹಸವಲ್ಲ, ತಪ್ಪು. 1993ರಲ್ಲಿ ‘ದ ಕ್ರೋ’ ಚಿತ್ರೀಕರಣದಲ್ಲಿ ನಟ ಬ್ರ್ಯಾಂಡನ್ ಲೀ, 2021ರಲ್ಲಿ ‘ರಸ್ಟ್’ ಚಿತ್ರೀಕರಣದಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್, ಇಬ್ಬರೂ ಚಿತ್ರೀಕರಣಕ್ಕೆ ಬಳಸಿದ ಬಂದೂಕಿನಿಂದ ಹಾರಿದ ಗುಂಡಿಗೆ ಸತ್ತರು. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಚಿತ್ರವೊಂದಕ್ಕಾಗಿ ಹೆಲಿಕಾಪ್ಟರಿನಿಂದ ಹಾರಿದ ಇಬ್ಬರು ನಟರು ಮೇಲೆ ಬರಲಿಲ್ಲ.

ಆದ್ದರಿಂದ ಹೊರಡುವ ಮೊದಲು ಇಷ್ಟು ಮಾಡಿ. ಸೆಟ್ಟಿನಲ್ಲಿ ಮೊನೆಯಿರುವ ಚಾಕು ಒಂದೂ ಇರಕೂಡದು. ಹತ್ತಿರದ ಶಾಟ್‌ಗೂ ರಟ್ಟಿನದೇ ಸಾಕು, ‘ಸೈಕೋ’ ಕಟ್‌ನಲ್ಲಿ ಮಾಡಿದ್ದನ್ನು ನೀವೂ ಕಟ್‌ನಲ್ಲಿ ಮಾಡಿ. ಅಕ್ಕಪಕ್ಕದ ಮನೆಯವರಿಗೆ, ಬೀಟ್ ಪೊಲೀಸರಿಗೆ ಮೊದಲೇ ತಿಳಿಸಿ. ರಾತ್ರಿ ಹೆಣ್ಣಿನ ಕಿರುಚಾಟ ಕೇಳಿ ಯಾರಾದರೂ ಓಡಿ ಬಂದರೆ ಅವರು ಒಳ್ಳೆಯವರು, ಅವರನ್ನು ಮೋಸಗೊಳಿಸಬಾರದು. ನಟಿ ಸಾಕು ಎಂದರೆ ಅಲ್ಲಿಗೆ ಕ್ಯಾಮೆರಾ ನಿಲ್ಲಲಿ, ಕಾರಣ ಕೇಳಬೇಡಿ. ತಡರಾತ್ರಿ ಪ್ಯಾಕಪ್ ಆದ ಮೇಲೆ ತಂಡದ ಪ್ರತಿಯೊಬ್ಬರೂ ಮನೆ ಅಥವಾ ಹಾಸ್ಟೆಲ್ ಮುಟ್ಟಿದೆವು ಎಂದು ಫೋನ್ ಮಾಡುವವರೆಗೆ ನಿರ್ದೇಶಕರು ಮಲಗಬೇಡಿ. ಈ ಮಾತನ್ನು ದಯವಿಟ್ಟು ನಡೆಸಿಕೊಡಿ.